ಎರಡು ಸೇರು ತೌಡು

"ನಮ್ ತೌಡ ಇಲ್ಲೇ ಅಲ್ವೇನಪ್ಪಾ ಕೆಲ್ಸ ಮಾಡೋದು?"

ವರಾಂಡದಿಂದ ಆ ದನಿ ಬಂದಾಗ ಮಹಾದೇವಯ್ಯ ಜನನ ಮರಣದ ರಿಜಿಸ್ಟರಿನ ಮೇಲೆ ಬಗ್ಗಿ, ಯಾವನೋ ಕೂಲಿಯವನು ತನ್ನ ಕೂಸಿಗೆ 'ತಿಪ್ಪ' ಅಂತ ಬರ್ಕಳಿ ಎಂದು ಹೇಳಿಹೋಗಿದ್ದನ್ನು 'ತಿಪ್ಪೇಸ್ವಾಮಿ' ಎಂದು ಏರಿಸಿ ಬರೆಯುತ್ತಿದ್ದ. ಹೇಳಿದವರು ಹೇಳಿದ ಹಾಗೆ ಅವನು ಎಂದೂ ಬರೆದವನಲ್ಲ. ಕಲ್ಲ ಎಂದರೆ ಕಲ್ಲೇಶ, ಕರಿಯ ಎಂದರೆ ಕೃಷ್ಣಮೂರ್ತಿ. ಯಾರೂ ಕೇಳಿರಲಿಲ್ಲ, ಯಾರೂ ಸಂಬಳ ಹೆಚ್ಚು ಕೊಡುತ್ತಿರಲಿಲ್ಲ. ಆದರೂ ಹದಿನೆಂಟು ವರ್ಷದಿಂದ ಈ ಮುರುಕು ಕುರ್ಚಿಯಲ್ಲಿ ಕೂತು ತುಮಕೂರಿನ ಹುಟ್ಟಿದ ಮಕ್ಕಳಿಗೆಲ್ಲ ಮರ್ಯಾದೆ ಹಂಚುತ್ತಾ ಬಂದಿದ್ದ. 'ಸ್ವಾಮಿ'ಯ ಒತ್ತು ಕೊಡುವಷ್ಟರಲ್ಲಿ ಪೆನ್ನು ನಿಂತಿತು. ಇನ್ಯಾರದೋ ಮನೆಯ ತೌಡ ಇರಬಹುದು ಎಂದು ಒಂದು ಗಳಿಗೆ ಆಸೆಪಟ್ಟ. ಎಲ್ಲಿಯ ಇನ್ನೊಬ್ಬ! ಪ್ರಪಂಚದಲ್ಲಿ ಆ ಹೆಸರಿನವನು ಒಬ್ಬನೇ, ಆ ದನಿಯೂ ಒಂದೇ. ಪಕ್ಕದ ಮೇಜಿನ ವೆಂಕಟರಂಗಯ್ಯ ನಶ್ಯದ ಡಬ್ಬಿಯಿಂದ ತಲೆ ಎತ್ತಿ, "ಯಾರ್ರೀ ಅದು ತೌಡ? ನಮ್ಮಲ್ಲಿ ಹಸು ಯಾವಾಗ ಕಟ್ಟಿದ್ರು?" ಎಂದ. ಅತ್ತ ಕಡೆ ಇಬ್ಬರು ನಕ್ಕರು. ಎಮರ್ಜೆನ್ಸಿ ಮುಗಿದ ಮೇಲೆ ಕಚೇರಿಯಲ್ಲಿ ಎಲ್ಲರಿಗೂ ನಗಲು ಹೊತ್ತು ಸಿಗುತ್ತಿತ್ತು. ಮಹಾದೇವಯ್ಯನೂ ನಕ್ಕ. ನಕ್ಕಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂದು, ಪೆನ್ನಿನ ಮುಚ್ಚಳ ಹಾಕದೆ ಎದ್ದ.

ಅವ್ವ ವರಾಂಡದ ಕಂಬಕ್ಕೆ ಒರಗಿ ನೆಲದ ಮೇಲೆ ಕೂತಿದ್ದಳು. ಸಿದ್ದಗಂಗಮ್ಮ ಎಂಬ ಅಷ್ಟು ದೊಡ್ಡ ಹೆಸರು ಇಟ್ಟುಕೊಂಡು, ಗಂಡ ಅಡವಿಯಪ್ಪ ಸತ್ತ ಮೇಲೆ ಇಷ್ಟೇ ಇಷ್ಟಾಗಿಬಿಟ್ಟಿದ್ದಳು. ಮಡಿಲಲ್ಲಿ ಹಳೆಯ ಪಂಚೆ ಮುಚ್ಚಿದ ಒಂದು ಮೊರ. ಹೊಸದಾಗಿ ಮೆಂತ್ಯ ಅರೆದು ಬಳಿದಿದ್ದ ಮೊರದ ಕಹಿ ವಾಸನೆ ವರಾಂಡಕ್ಕೆಲ್ಲ ಹಬ್ಬಿತ್ತು. ಪಂಚೆಯ ಕೆಳಗೆ ಏನಿದೆ ಎಂದು ಅವನಿಗೆ ನೋಡದೆಯೇ ಗೊತ್ತಾಯಿತು.

"ಎಷ್ಟು ಸಲ ಹೇಳಿದೀನವ್ವಾ, ಇಲ್ಲಿ ಬಂದು ಹಂಗೆ ಕೂಗ್ಬೇಡ ಅಂತ."

"ಇನ್ನೇನಂತ ಕೂಗ್ಲಿ?" ಎಂದಳು ಅವ್ವ. ಕೇಳಿದ್ದು ಕೊಂಕಿಗಲ್ಲ. ಅವಳಿಗೆ ನಿಜವಾಗಿಯೂ ಬೇರೆ ಹೆಸರು ಬಾಯಿಗೆ ಬರುತ್ತಿರಲಿಲ್ಲ. "ಮರಿಯಮ್ಮ ಹೋಗ್ಬುಟ್ಳು ಕಣೋ. ನೆನ್ನೆ ಮಧ್ಯಾಹ್ನ. ಕುಣಿಗಲ್ನಾಗೆ, ಮಗಳು ಹೊಂಬಾಳಿ ಮನೇಲಿ. ಸಂಜೀಕೆ ಊರಿಗೆ ಆಳು ಬಂದಿತ್ತು. ಇವತ್ತು ಮೂರು ಗಂಟೆಗೆ ಮಣ್ಣು ಮಾಡ್ತಾರಂತೆ. ಅಷ್ಟರೊಳಗೆ ನೀನು ಬುಡಿಸ್ಕಂಡ್ ಬುಡ್ಬೇಕು. ಆಮೇಲೆ ಯಾರ ಹತ್ರ ಬುಡಿಸ್ಕಳಾದು?"

"ನನಗೆ ಕೆಲ್ಸ ಐತೆ."

"ಐತೆ ಕಣಪ್ಪ. ಕೆಲ್ಸ ಇರ್ಲಿ, ಬಾ."

ಅವನು ಬರುವುದಿಲ್ಲ ಎಂದ. ಇನ್ನೊಂದು ಸಲ ಇನ್ನೂ ಗಟ್ಟಿಯಾಗಿ ಬರುವುದಿಲ್ಲ ಎಂದ. ಅವ್ವ ವಾದಕ್ಕೆ ಬೀಳಲಿಲ್ಲ. ಕಿಟಕಿಯ ಸರಳುಗಳಾಚೆ ವೆಂಕಟರಂಗಯ್ಯನ ಕನ್ನಡಕ ಹೊಳೆದದ್ದು ಕಂಡಿತು. ಇಲ್ಲಿ ಇವಳು ಇನ್ನು ಐದು ನಿಮಿಷ ಕೂತರೆ ಪಂಚೆ ಸರಿಸಿ ಎಲ್ಲರಿಗೂ ತೋರಿಸಿ, ಇದು ಏನು, ಯಾಕೆ, ಯಾವ ಕಾಲದ್ದು ಎಂದು ಆದಿಯಿಂದ ಹೇಳಿಬಿಡುತ್ತಾಳೆ ಎಂದು ಹೆದರಿ, ಅರ್ಧ ದಿನದ ರಜೆ ಚೀಟಿ ಗೀಚಿ ಕೊಟ್ಟು ಹೊರಟ. ಕಾರಣದ ಜಾಗದಲ್ಲಿ 'ಸಂಬಂಧಿಕರ ಮರಣ' ಎಂದು ಬರೆದ. ಯಾವ ಸಂಬಂಧ ಎಂದು ಬರೆಯುವ ಜಾಗ ಆ ಚೀಟಿಯಲ್ಲಿ ಇರಲಿಲ್ಲ, ಅವನ ಪುಣ್ಯ.

ಬಸ್ ಸ್ಟ್ಯಾಂಡಿನವರೆಗೆ ಅವನು ನಾಲ್ಕು ಮಾರು ಮುಂದೆಯೇ ನಡೆದ. ಹಿಂದೆ ಮೊರ ಹೊತ್ತ ಮುದುಕಿ ತನಗೆ ಸೇರಿದವಳಲ್ಲ ಎನ್ನುವ ಹಾಗೆ. ಹಾಗೆ ನಡೆಯುವುದನ್ನು ಕಲಿಸಿದ್ದು ಅವಳೇ ಅಲ್ಲವೇ? ಚಿಕ್ಕಂದಿನಲ್ಲಿ ಚೇಳೂರು ಸಂತೆಗೆ ಹೋಗುವಾಗ ಅವಳು ಮುಂದೆ ಮುಂದೆ ಹೋಗುತ್ತಿದ್ದಳು, ಇವನು ಹಿಂದೆ ಓಡುತ್ತಿದ್ದ. ದಾರಿಯಲ್ಲಿ ಯಾರಾದರೂ, "ಏನಮ್ಮ ಸಿದ್ದಗಂಗಿ, ನಿನ್ ಮಗ್ನಾ? ಎಷ್ಟು ಚೆನ್ನಾಗವ್ನೆ" ಎಂದರೆ ಸಾಕು, ಹಾವು ತುಳಿದವಳಂತೆ ಹೌಹಾರಿ, "ನಂದಲ್ಲ ಕಣ್ರವ್ವಾ, ಕೇರಿ ಮರಿಯಮ್ಮಂದು. ನಮ್ಮನೇಲಿ ತಿನ್ಕಂಡ್ ಬಿದ್ದೈತೆ" ಎನ್ನುವಳು. ಬಿದ್ದೈತೆ! ಇವನು ಅಲ್ಲೇ ನಿಂತು ಕೇಳಿಸಿಕೊಳ್ಳುತ್ತಿದ್ದ. ಹಬ್ಬಕ್ಕೆ ಹೊಸ ಅಂಗಿ ತಂದರೆ ಮೊದಲು ಅದನ್ನು ಕೊಟ್ಟಿಗೆಯ ಮಣ್ಣಿನಲ್ಲಿ ತಿಕ್ಕಿ ಆಮೇಲೆ ಹಾಕುತ್ತಿದ್ದಳು. ಊಟಕ್ಕೆ ಬಡಿಸುವಾಗ ಇವನಿಗೆ ಕೊನೆಯ ಸೌಟು. ಸೋದರತ್ತೆಯ ಮಕ್ಕಳು ಬಂದರೆ ಅವರನ್ನು ತೊಡೆಯ ಮೇಲೆ ಕೂರಿಸಿಕೊಂಡು, 'ಮಗನೇ, ಬಾ ಮಗನೇ' ಎಂದು ಬೆಣ್ಣೆ ತಿನ್ನಿಸುವಳು. ಇವನು ಕಂಬದ ಹಿಂದೆ ನಿಂತು ಆ ಮಾತನ್ನು ಬಾಯಿಯೊಳಗೇ ಅಂದುಕೊಂಡು ನೋಡುವನು. ದಡಾರ ಎದ್ದು ಮೈ ಕೆಂಡವಾಗಿದ್ದ ಹಗಲು ಅವಳು ಬಾಗಿಲ ಹೊರಗೆ, ಇವನಿಗೆ ಬೆನ್ನು ಹಾಕಿ ಕೂತಿದ್ದಳು. ಹಗಲೆಲ್ಲ ಕಂಡದ್ದು ಆ ಬೆನ್ನು ಒಂದೇ. ನೀರು ಎಂದರೆ ಹಿಂದೆ ನೋಡದೆ ಚೊಂಬನ್ನು ಕೈಯಿಂದ ಹಿಂದಕ್ಕೆ ತಳ್ಳುವಳು. ಇವನು ಒಳಗಿಂದ ಅವ್ವಾ ಎಂದರೆ, ಬೀದಿಯ ಕಡೆಗೆ ಮುಖ ಮಾಡಿಕೊಂಡು, "ಬಿದ್ದಿರ್ಲಿ ಬುಡು, ಯಾರ್ದೋ ಏನೋ" ಎಂದು ಗಟ್ಟಿಯಾಗಿ ಹೇಳುವಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಅವಳು ಯಾರಿಗೆ ಕೇಳಲಿ ಎಂದು ಹೇಳುತ್ತಿದ್ದಳು ಎಂಬುದು ಅವನಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ತಿಳಿದರೂ ಸಿಟ್ಟು ಇಳಿಯಲಿಲ್ಲ. ತಿಳಿಯುವುದೇ ಬೇರೆ, ಎಂಟು ವರ್ಷದ ಹುಡುಗನ ಗಂಟಲಿನಲ್ಲಿ ಸಿಕ್ಕಿಕೊಂಡದ್ದೇ ಬೇರೆ.

ತೌಡ ಎಂಬುದು ಹೆಸರೇ ಅಲ್ಲ, ಬೆಲೆ. ಅವನಿಗಿಂತ ಮುಂಚೆ ಸಿದ್ದಗಂಗಮ್ಮನಿಗೆ ಮೂರು ಕೂಸು ಹುಟ್ಟಿ ಮೂರೂ ಹೋಗಿದ್ದವು, ಒಂದು ಮೂರು ದಿನಕ್ಕೆ, ಒಂದು ತಿಂಗಳಿಗೆ, ಇನ್ನೊಂದು ಗೋಡೆ ಹಿಡಿದು ನಿಲ್ಲುವಷ್ಟಾದ ಮೇಲೆ. ನಾಲ್ಕನೆಯದು ಇವನು. ಹುಟ್ಟಿದ ಒಂಬತ್ತನೆಯ ದಿನ ಇವನನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟು ಬಂದರಂತೆ. ಮೊದಲೇ ಮಾತಾಗಿದ್ದ ಹಾಗೆ ಕೇರಿಯ ಮರಿಯಮ್ಮ ಬಂದಳು. ಹೆತ್ತದ್ದೆಲ್ಲ ಉಳಿದ ಹೊಟ್ಟೆ ಅವಳದು. ಐದೂ ಹೆಣ್ಣು, ಒಂದಕ್ಕೂ ನೆಗಡಿ ಕೂಡ ಬಂದದ್ದಿಲ್ಲ. "ಈ ಕಸ ಯಾರ್ದು?" ಎಂದು ಮೂರು ಸಲ ಕೂಗಿದಳು. ಬಾಗಿಲಲ್ಲಿ ನಿಂತಿದ್ದ ಅಪ್ಪ, "ಯಾರ್ದೂ ಅಲ್ಲ, ಬೇಕಾದ್ರೆ ಕೊಂಡ್ಕೊ" ಎಂದ. ಎರಡು ಸೇರು ತೌಡಿಗೆ ವ್ಯಾಪಾರವಾಯಿತು. ಮರಿಯಮ್ಮ ತೌಡು ಅಳೆದು ಕೊಟ್ಟಳು, ಕೂಸಿನ ಸೊಂಟಕ್ಕೆ ತನ್ನ ಕೈಯಾರೆ ಕರಿಯ ಉಡುದಾರ ಕಟ್ಟಿದಳು, "ನಂದು ಇದು. ಸಾಕ್ಕೊಡಿ" ಎಂದು ಹೇಳಿ ಹೋದಳು. ತೌಡನ್ನು ಮನೆಯ ಹಸು ತಿಂದಿತು. ಸಿದ್ದಗಂಗಮ್ಮನ ಮಕ್ಕಳನ್ನು ಹುಡುಕಿಕೊಂಡು ಬರುವ ಸಾವು ಇದು ಅವಳದಲ್ಲ, ಯಾರದೋ ಕಸ ಎಂದು ಹಿಂದಕ್ಕೆ ಹೋಗಬೇಕು. ಅದಕ್ಕೆ ಈ ಆಟವೆಲ್ಲ. ಹುಡುಗ ಬಲಿತ ಮೇಲೆ ತಾನೇ ಎರಡು ಸೇರು ತೌಡನ್ನು ಮೊರದಲ್ಲಿ ಹೊತ್ತುಕೊಂಡು ಹೋಗಿ ಕೊಂಡವಳಿಗೆ ಒಪ್ಪಿಸಬೇಕು. ಅವಳು ಉಡುದಾರ ಕಿತ್ತು ಕಳಿಸಬೇಕು. ಅಲ್ಲಿಯವರೆಗೆ ಹೆತ್ತವಳು ಬಾಯಿ ತಪ್ಪಿಯೂ ಮಗ ಎನ್ನುವಂತಿಲ್ಲ. ಅವ್ವ ಬಾಯಿ ತಪ್ಪಲಿಲ್ಲ. ಮೂವತ್ತೊಂಬತ್ತು ವರ್ಷ.

ಬಸ್ಸಿನಲ್ಲಿ ಕಂಡಕ್ಟರು ಮೊರಕ್ಕೂ ಟಿಕೆಟ್ ತಗೊಳ್ಳಬೇಕು ಎಂದು ತಮಾಷೆ ಮಾಡಿದ. ಮಹಾದೇವಯ್ಯನಿಗೆ ಅವನ ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಹೆಬ್ಬೂರಿನವರೆಗೂ ಅವನು ಕಿಟಕಿಯ ಹೊರಗೆ ನೋಡುತ್ತ, ಅವ್ವ ಎದುರಿನ ಸೀಟಿನ ಬೆನ್ನನ್ನು ನೋಡುತ್ತ ಕೂತರು. ರಾಗಿ ಹೊಲಗಳಲ್ಲಿ ಕುಂಟೆ ಹೊಡೆಯುತ್ತಿದ್ದರು. ಪಂಚೆಯ ಸಂದಿನಿಂದ ತೌಡಿನ ಪುಡಿ ಹಾರಿ ಅವನ ಇಸ್ತ್ರಿ ಮಾಡಿದ ಪ್ಯಾಂಟಿನ ಮೇಲೆ ಕೂತಿತು, ಕೊಡವಿದ, ಮತ್ತೆ ಕೂತಿತು.

"ಯಾಕವ್ವ ಈಗ? ಹೋದ್ಲಲ್ಲ ಅವಳು. ಮುಗೀತಲ್ಲ. ಇನ್ನೂ ಯಾರಿಗೆ ಹೆದರ್ಕೋಬೇಕು?"

ಅವ್ವ ಮೊರವನ್ನು ಮಡಿಲಿಗೆ ಎಳೆದುಕೊಂಡು, "ನಂಗೂ ಎಪ್ಪತ್ತಾಯ್ತು ಕಣೋ" ಎಂದಳು. "ಒಂದ್ ದಪ ಬಾಯ್ತುಂಬಾ ಕರ್ದು ಹೋಗನ ಅಂತ."

ಬಾಯಿ ಬಿಟ್ಟರೆ ಅವನು ಬಸ್ಸಿನಲ್ಲೇ ಕಿರುಚಿಬಿಡುತ್ತಿದ್ದ. ಕರಿ, ಈಗಲೇ ಕರಿ, ಯಾವನು ಬೇಡ ಎಂದ? ಎರಡಕ್ಷರ. ನಾಲಗೆ ಸವೆದು ಹೋಗುತ್ತದೆಯೇ? ಅವಳು ಮತ್ತೆ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ, "ತಿಪ್ಪೆ ಮೇಲೆ ನೀನು ಒಂದೇ ಸಮ ಅಳ್ತಿದ್ದೆ. ಮರಿಯಮ್ಮಂಗೆ ಹೊಂಬಾಳಿ ಆಗ ಮೂರು ತಿಂಗಳ ಕೂಸು, ಎದೆ ತುಂಬಿತ್ತು. ಅಲ್ಲೇ ಕುಂತ್ಕಂಡು ನಿಂಗೆ ಹಾಲು ಕೊಟ್ಬುಟ್ಳು. ನಾನು ಕಿಟಕೀಲಿ ನೋಡ್ದೆ. ನಿಮ್ಮಪ್ಪಂಗೆ ಹೇಳ್ನಿಲ್ಲ. ಹೇಳಿದ್ರೆ ಅವಳ್ನೂ ಕಡಿಯೋನು, ನನ್ನೂ ಕಡಿಯೋನು" ಎಂದಳು. ಮಹಾದೇವಯ್ಯನ ಬಾಯೊಳಗೆ ಏನೋ ಹುಳಿ ಬಂತು. ಕೇರಿಯವಳ ಹಾಲು! ಹಣೆಗೆ ದಿನವೂ ವಿಭೂತಿ ಇಡುವವನು, ಮಠದ ಹಾಸ್ಟೆಲಿನಲ್ಲಿ ಓದಿದವನು, ಯಾರ ಕೈಯ ನೀರು ಯಾರು ಕುಡಿದರು ಎಂದು ಕ್ಯಾಂಟೀನಿನಲ್ಲಿ ಮಾತು ಬಂದಾಗ ಅದೆಲ್ಲ ಈಗ ಎಲ್ಲಿದೆ ಸ್ವಾಮಿ ಎಂದು ದೊಡ್ಡದಾಗಿ ಭಾಷಣ ಹೊಡೆಯುವವನು! ಬಾಯಿಗೆ ಬಂದ ಹುಳಿಯನ್ನು ಕಿಟಕಿಯಿಂದ ಉಗುಳಲು ಹೋದವನು ಉಗುಳದೆ ನುಂಗಿದ. ಉಗುಳಬೇಕು ಎನ್ನಿಸಿದ್ದಕ್ಕೆ ನಾಚಿಕೆಯಾಯಿತು; ನಾಚಿಕೆಯಾದದ್ದಕ್ಕೆ ಸಿಟ್ಟು ಬಂತು; ಆ ಸಿಟ್ಟಿಗೆ ಸಿಕ್ಕಿದ್ದು ಪಕ್ಕದಲ್ಲಿ ಕೂತ ಮುದುಕಿ. "ಇದನ್ನ ಇಷ್ಟು ದಿನ ಹೊಟ್ಟೇಲಿ ಇಟ್ಕಂಡಿದ್ಯಲ್ಲ, ಹಂಗೇ ಇಟ್ಕಂಡು ಸಾಯಕ್ಕೆ ಏನಾಗಿತ್ತು ನಿಂಗೆ?" ಎಂದ. ಮುಂದಿನ ಸೀಟಿನವರು ತಿರುಗಿ ನೋಡಿದರು. ಅವ್ವ ಪಂಚೆಯ ತುದಿಯನ್ನು ಮೊರದ ಅಂಚಿಗೆ ಸರಿಯಾಗಿ ಸಿಕ್ಕಿಸಿದಳು, ಅಷ್ಟೇ.

ಅವಳು ಕೇಳಬಹುದಿತ್ತು, ಇಟ್ಟುಕೊಂಡದ್ದು ನಾನೊಬ್ಬಳೇನಾ ಎಂದು. ಕೇಳಲಿಲ್ಲ. ಇಪ್ಪತ್ತೇಳು ವರ್ಷದಿಂದ ಒಂದು ದಿನವೂ ಕೇಳಿಲ್ಲ. ಕೇಳಿದ್ದರೆ ಜಗಳವಾಡಿ ಹಗುರವಾಗಬಹುದಿತ್ತು. ಅವನಿಗೆ ಹನ್ನೆರಡಾಗಿ, ತುಮಕೂರಿನ ಹಾಸ್ಟೆಲಿಗೆ ಸೇರಲು ಇನ್ನು ನಾಲ್ಕು ದಿನ ಇರುವಾಗ, ಬೆಳಿಗ್ಗೆ ಎಣ್ಣೆನೀರು ಹಾಕಿ ಅವ್ವ ಮೊರ ಹೊರಿಸಿದ್ದಳು. ಅವತ್ತು ಅವಳು ಬೆಳಗಾಗುವ ಮುಂಚೆಯೇ ಎದ್ದು ಒಬ್ಬಟ್ಟಿಗೆ ಬೇಳೆ ಹಾಕಿದ್ದಳು. ಮುಖದಲ್ಲಿ ಅವನು ಅಲ್ಲಿಯವರೆಗೆ ಕಂಡೇ ಇರದ ಒಂದು ಕಳೆ. ಬಾಗಿಲವರೆಗೂ ಬಂದು, "ಬಿರ್ನೆ ಬಾ" ಎಂದಳು. ಅವನು ಹೋದ. ಊರು ದಾಟಿ ಕೇರಿಯ ಬಾವಿಯ ಹತ್ತಿರ ಬಂದಾಗ ಸ್ಕೂಲಿನ ನಾಲ್ಕು ಜನ ಹುಡುಗರು ಕಟ್ಟೆಯ ಮೇಲೆ ಕೂತಿದ್ದರು. "ಲೇ, ತೌಡ ಹೊರಟ ಕಣ್ರೋ ಅವರವ್ವನ ಮನೆಗೆ" ಎಂದ ಒಬ್ಬ. "ಅಲ್ಲೇ ಉಂಡ್ಕಂಡ್ ಬರ್ತೀಯೇನ್ಲಾ?" ಎಂದ ಇನ್ನೊಬ್ಬ. ಮುಂದೆ ಇಪ್ಪತ್ತು ಹೆಜ್ಜೆಯಲ್ಲಿ ಮರಿಯಮ್ಮನ ಗುಡಿಸಲು. ಸಾರಿಸಿ ರಂಗೋಲಿ ಹಾಕಿದ್ದಳು. ಅವಳು ಒಳಗಿದ್ದಳೋ ಏನೋ, ಕಾಣಲಿಲ್ಲ. ಅವನು ತಿರುಗಿ, ಬದಿಯ ಕಾಲುವೆಗೆ ಮೊರ ಬೋರಲು ಹಾಕಿದ. ತೌಡು ನೀರಿನ ಮೇಲೆ ಹರಡಿ ನಿಧಾನವಾಗಿ ಹೋಯಿತು. ಹುಡುಗರು ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಅವನಿಗೆ ಹಿತವಾಗಿತ್ತು, ಇದನ್ನು ಅವನು ಯಾರಿಗೂ ಹೇಳಲಾರ. ಮನೆಗೆ ಬಂದು ಖಾಲಿ ಮೊರ ಇಟ್ಟು, "ಕೊಟ್ಟೆ" ಎಂದ. ಅವ್ವ ಓಡಿ ಬಂದಳು. ಎರಡು ಕೈ ಚಾಚಿ, ಬಾಯಿ ತೆರೆದು ಓಡಿ ಬಂದಳು. ಆ ಮಾತು ಅವಳ ತುಟಿಗೆ ಬಂದಾಗಿತ್ತು. ಅಷ್ಟರಲ್ಲಿ ಏನು ನೆನಪಾಯಿತೋ, ಅವನ ಅಂಗಿ ಎತ್ತಿ ನೋಡಿದಳು. ಸೊಂಟದಲ್ಲಿ ಕರಿಯ ಉಡುದಾರ ಇದ್ದ ಹಾಗೇ ಇತ್ತು. ಅವಳು ಅಂಗಿಯನ್ನು ಕೆಳಗೆ ಬಿಟ್ಟಳು. ಬಯ್ಯಲಿಲ್ಲ, ಹೊಡೆಯಲಿಲ್ಲ. "ಕೈಕಾಲು ತೊಳ್ಕೊ ತೌಡ, ಒಬ್ಬಟ್ಟು ತಣ್ಣಗಾಗ್ತೈತೆ" ಎಂದು ಒಳಗೆ ಹೋದಳು. ಹಾಸ್ಟೆಲಿನಲ್ಲಿ ಮೊದಲನೆಯ ದಿನವೇ ಬಚ್ಚಲಲ್ಲಿ ಬ್ಲೇಡಿನಿಂದ ಉಡುದಾರ ಕೊಯ್ದು ಮೋರಿಗೆ ಎಸೆದ. ರಿಜಿಸ್ಟರಿನಲ್ಲಿ ಮಹಾದೇವಯ್ಯ ಎಂದು ಬರೆಸಿದ. ಅವ್ವ ತನ್ನನ್ನು ಎಂದೂ ಪ್ರೀತಿಸಲಿಲ್ಲ ಎಂದು ಅಂದಿನಿಂದ ಇಂದಿನವರೆಗೂ ಹೆಂಡತಿಗೆ, ಸ್ನೇಹಿತರಿಗೆ, ಕೇಳಿದವರಿಗೆ, ಕೇಳದವರಿಗೆ ಹೇಳಿಕೊಂಡು ಬಂದ. ಗುಬ್ಬಿಯಲ್ಲಿ ಅವನ ಮದುವೆಯಾದಾಗ ಮರಿಯಮ್ಮ ಚಪ್ಪರದ ಹೊರಗೆ ಸೆರಗಿನಲ್ಲಿ ಎರಡು ತೆಂಗಿನಕಾಯಿ ಕಟ್ಟಿಕೊಂಡು ನಿಂತಿದ್ದಳು. ಅವನು ಕಂಡು, ಫೋಟೋದವನ ಕಡೆ ಮುಖ ತಿರುಗಿಸಿದ. ಫೋಟೋ ಚೆನ್ನಾಗಿ ಬಂದಿದೆ. ಈಗಲೂ ಗೋಡೆಯ ಮೇಲಿದೆ.

ಕುಣಿಗಲಿನಲ್ಲಿ ಇಳಿದಾಗ ಎರಡೂವರೆ. ಹೊಂಬಾಳಮ್ಮನ ಮನೆ ಕೆರೆಯ ಕಡೆಯ ಕೇರಿಯಲ್ಲಿ. ಅವಳಿಗೆ ಕುದುರೆ ಫಾರಮ್ಮಿನಲ್ಲಿ ಹುಲ್ಲು ಕೊಯ್ಯುವ ಕೆಲಸ. ಹೆಣವನ್ನು ಆಗಲೇ ಎತ್ತಿಕೊಂಡು ಹೋಗಿದ್ದರು. ತಮಟೆಯ ಸದ್ದು ಹಿಡಿದು ಇವರು ಕೆರೆಯ ಹಿಂದಿನ ಬಯಲಿಗೆ ಹೋಗುವಷ್ಟರಲ್ಲಿ ಗುಂಡಿ ತೋಡಿ ಆಗಿತ್ತು. ಅವ್ವ ದೂರದಲ್ಲೇ ಹುಣಸೆಮರದ ಕೆಳಗೆ ನಿಂತು ಮೊರವನ್ನು ಅವನ ಕೈಗೆ ಕೊಟ್ಟಳು. "ಹೋಗು, ಕಾಲತ್ರ ಇಟ್ಟು, ತಗೊಳವ್ವಾ ನಿನ್ ತೌಡು, ನನ್ ಬುಟ್ಬುಡು ಅನ್ನು. ಹೊಂಬಾಳಿ ಕೈ ಮುಟ್ಸಿದ್ರೆ ಸಾಕು." ಇಪ್ಪತ್ತೇಳು ವರ್ಷದ ಹಿಂದೆ ಉಳಿದಿದ್ದ ಇಪ್ಪತ್ತು ಹೆಜ್ಜೆಯನ್ನು ಅವನು ಪಾಲಿಷ್ ಮಾಡಿದ ಬೂಟಿನಲ್ಲಿ ನಡೆದ. ಜನ ದಾರಿ ಬಿಟ್ಟರು, ಇಸ್ತ್ರಿ ಅಂಗಿಗೆ ಬಿಡುವಂತೆ.

ಮರಿಯಮ್ಮ ಹೂವಿನ ಕೆಳಗೆ ಚಿಕ್ಕದಾಗಿ ಮಲಗಿದ್ದಳು. ಹೊಂಬಾಳಮ್ಮ ತಲೆಯ ಹತ್ತಿರ ಕೂತವಳು ಇವನನ್ನು ನೋಡಿ, ಮೊರವನ್ನು ನೋಡಿ ಎದ್ದಳು. ಅವನ ವಯಸ್ಸೇ ಅವಳಿಗೂ, ಕೂದಲೆಲ್ಲ ಬೆಳ್ಳಗಾಗಿತ್ತು.

"ಬಂದ್ರಾ ಸ್ವಾಮಿ. ಏನ್ ತಂದಿದ್ದೀರ?"

"ತೌಡು. ಅವ್ವ... ಇಬ್ರೂ ಮಾತಾಡ್ಕಂಡಿದ್ರಂತೆ. ಬಿಡಿಸ್ಕೊಂಡು..."

"ಗೊತ್ತು." ಅವಳು ಹತ್ತಿರ ಬಂದು ದನಿ ತಗ್ಗಿಸಿದಳು. "ಅವತ್ತೂ ತಂದಿದ್ರಿ. ಬಾವಿ ಹಿಂದೆ ಸೌದೆ ಆಯ್ತಿದ್ದೆ ನಾನು. ಕಾಲ್ವೆಗೆ ಸುರಿದಿದ್ದು ಕಂಡೆ. ಅವ್ವಂಗೆ ಹೇಳ್ನಿಲ್ಲ. ಬಾಗ್ಲಿಗೆ ರಂಗೋಲಿ ಹಾಕಿ ಬೆಳಗಿಂದ ಒಳಗೆ ಕಾಯ್ತಾ ಕುಂತಿದ್ಲು, ಹೆಂಗ್ ಹೇಳ್ಲಿ? ಬರ್ನಿಲ್ಲ ಅಂತ ಸಂಜೆ ಗಂಟ ನೋಡಿ, ಅವಳು ಏನ್ ತಿಳ್ಕಂಡ್ಳು ಗೊತ್ತಾ? ನಿಮಗೆ ಬುಡಿಸ್ಕಳಕ್ಕೆ ಮನಸ್ಸಿಲ್ಲ ಅಂತ. ನನ್ ಮಗನಾಗೇ ಇರ್ಬೇಕು ಅಂತ ಅವನಿಗೆ ಆಸೆ ಕಣೇ ಅಂತ. ಸಾಯೋ ಗಂಟ ಅದನ್ನೇ ನಂಬ್ಕಂಡಿದ್ಲು. ನಂಗೂ ಒಂದ್ ಗಂಡೈತೆ, ತುಮ್ಕೂರಾಗೆ ಆಫೀಸ್ನಾಗವ್ನೆ ಅಂತ ಫಾರಮ್ಮಿನ ಹೆಂಗಸ್ರಿಗೆಲ್ಲ ಹೇಳ್ಕಂಡ್ ತಿರುಗೋಳು. ನಗೋರು ಎಲ್ಲ. ನಾನೂ ನಗ್ತಿದ್ದೆ."

"ಹೊಂಬಾಳಮ್ಮ, ನಾನು ಆಗ ಚಿಕ್ಕೋನು..."

"ಮದ್ವೇಲಿ ಚಿಕ್ಕೋನಾಗಿದ್ದಾ ನೀನು?" ಬಹುವಚನ ಬಿದ್ದುಹೋಯಿತು, ದನಿಯೂ ಏರಿತು. ತಮಟೆ ನಿಂತಿತು. "ಎರಡು ಕಾಯಿ ವಾಪಸ್ ತಂದು ಮೂಲೇಲಿಟ್ಲು. ಒಡೀನಿಲ್ಲ, ಯಾರ್ಗೂ ಕೊಡ್ನಿಲ್ಲ, ಕೊಳೆತೋದ್ವು. ಈಗ ಹೆಣಕ್ಕೆ ತೌಡು ತಂದಿದೀಯ, ಬುಟ್ಬುಡು ಅಂತ ಕೇಳಕ್ಕೆ. ನಾನು ಮುಟ್ಟಲ್ಲ. ಅವಳು ಬುಡ್ನಿಲ್ಲ ನಿನ್ನ. ನಾನ್ಯಾರು ಬುಡಾಕೆ? ತಗಂಡೋಗು."

ಮಹಾದೇವಯ್ಯ ಮೊರ ಹಿಡಿದುಕೊಂಡು ನಿಂತ. ಸುತ್ತ ಐವತ್ತು ಜನ. ಯಾವ ಕಚೇರಿಯ ನಗುವೂ ಇಲ್ಲಿ ಇರಲಿಲ್ಲ. ಎಲ್ಲರೂ ಅವನನ್ನು ನೋಡುತ್ತಿದ್ದರು, ಅಷ್ಟೇ. ಅವನಿಗೆ ಹೊಂಬಾಳಮ್ಮನ ಮೇಲೆ ಸಿಟ್ಟು ಬಂತು, ಅವಳು ಹೇಳಿದ್ದರಲ್ಲಿ ಒಂದು ಸುಳ್ಳೂ ಇಲ್ಲವಲ್ಲ ಎಂದು. ಸತ್ತವಳ ಮೇಲೆ ಬಂತು: ಯಾರು ಹೇಳಿದ್ದರು ನಿನಗೆ ಕಾಯಲು? ಎರಡು ಸೇರು ತೌಡಿಗೆ ಇಷ್ಟೆಲ್ಲ ಯಾಕೆ ನಂಬಿದೆ? ಬಯ್ದಿದ್ದರೆ, ಊರಿಗೆಲ್ಲ ಸಾರಿದ್ದರೆ, ಕಚೇರಿಗೆ ಬಂದು ರಂಪ ಮಾಡಿದ್ದರೆ ಎಷ್ಟು ಸಲೀಸಾಗಿತ್ತು. ಗುಂಡಿಯ ಅಂಚಿನಲ್ಲಿ ಕಾಯುತ್ತಿದ್ದ ಮುದುಕ, ಕೇರಿಯ ಯಜಮಾನ ಚಿಕ್ಕಬೀರಯ್ಯ ಗಂಟಲು ಸರಿಮಾಡಿಕೊಂಡು, "ಹೊತ್ತಾಯ್ತದೆ, ಇಳಿಸ್ರಪ್ಪ" ಎಂದ. ಇಳಿಸಿದರು. "ಮೊದಲ್ನೇ ಹಿಡಿ ಯಾರು ಹಾಕ್ತೀರ? ಗಂಡುಮಕ್ಳು ಯಾರಾದ್ರೂ ಅವ್ರಾ?" ಎಂದು ಕೇಳಿದ. ಹೊಂಬಾಳಮ್ಮ ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದಳು. "ಇಲ್ದಿದ್ರೆ ಅಳಿಯ ಹಾಕ್ಲಿ, ಏನ್ಮಾಡದು, ಗಂಡಿಲ್ದೋಳು" ಎಂದ ಮುದುಕ.

ಹುಣಸೆಮರದ ಕಡೆಯಿಂದ ಅವ್ವ ಬರುತ್ತಿರುವುದು ಮಹಾದೇವಯ್ಯನಿಗೆ ಕಂಡಿತು. ಜನ ಗಾಬರಿಯಾಗಿ ಸರಿದರು. ಊರಿನ ಮುದುಕಿ, ಕೊರಳಲ್ಲಿ ಲಿಂಗ, ಇಲ್ಲಿ ನಡುವೆ ಬರುವವಳಲ್ಲ. ಹೊಂಬಾಳಮ್ಮ ದನಿ ಏರಿಸಿ ಆಡಿದ್ದು ಅವಳಿಗೆ ಅಲ್ಲಿಗೇ ಕೇಳಿಸಿರಬೇಕು. ಜಗಳಕ್ಕೆ ಬಂದಳು ಎಂದುಕೊಂಡ. ತೌಡನ್ನು ಹೊಂಬಾಳಮ್ಮನ ಮಡಿಲಿಗೆ ಬಲವಂತವಾಗಿ ಸುರಿದು, ತನ್ನ ಕೈ ಹಿಡಿದು, ಬಾಯಿ ತುಂಬಾ ಕರೆದು ಎಳೆದುಕೊಂಡು ಹೋಗುತ್ತಾಳೆ. ಹೋಗಲಿ, ಎಳೆದುಕೊಂಡು ಹೋಗಲಿ. ಅವನ ಎದೆ ಎಂಟು ವರ್ಷದ ಹುಡುಗನ ಎದೆಯಂತೆ ಹೊಡೆದುಕೊಂಡಿತು. ಅವ್ವ ಬಂದು ಗುಂಡಿಯೊಳಗೆ ಒಂದು ಸಲ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ತಲೆ ಎತ್ತಿ, ಬೀದಿಯ ಕಡೆ ಮುಖ ಮಾಡಿ ಯಾರಿಗೋ ಕೇಳಲಿ ಎಂದು ಹೇಳುತ್ತಿದ್ದ ಅದೇ ಗಟ್ಟಿ ದನಿಯಲ್ಲಿ, "ಯಾರಪ್ಪ ಇಲ್ಲ ಅಂದೋನು? ನಿಮ್ಮ ಕಣ್ಮುಂದೆ ನಿಂತಿಲ್ವಾ? ಮರಿಯಮ್ಮನ ಮಗ. ಹಾಕ್ಸಿ ಅವನ ಕೈಲಿ" ಎಂದಳು.

ಆ ಮಾತು ಅವಳ ಬಾಯಿಯಿಂದ ಬಂತು. ಮೂವತ್ತೊಂಬತ್ತು ವರ್ಷ ಅವನು ಕಾದಿದ್ದ ಮಾತು, ಅವನನ್ನು ತೋರಿಸಿಯೇ ಬಂತು. ಅವಳು ಅಳುತ್ತಿರಲಿಲ್ಲ. ಅವನ ಕೈಯಿಂದ ಮೊರ ತೆಗೆದುಕೊಂಡು, ಪಂಚೆ ಮುಚ್ಚಿ, ಸೊಂಟಕ್ಕೆ ಇಟ್ಟುಕೊಂಡಳು. ಅವನ ಎರಡು ಕೈಯೂ ಖಾಲಿಯಾದವು. ನನ್ನನ್ನು ಕೇಳದೆ ಕೊಟ್ಟುಬಿಟ್ಟೆಯಲ್ಲ, ಎರಡನೆಯ ಸಲ ಕೊಟ್ಟುಬಿಟ್ಟೆಯಲ್ಲ ಎಂದು ಅವಳ ಭುಜ ಹಿಡಿದು ಅಲುಗಿಸಬೇಕು ಎನ್ನಿಸಿತು. ಅವಳು ಅಷ್ಟರಲ್ಲಿ ಬೆನ್ನು ತಿರುಗಿಸಿದ್ದಳು.

"ಬಾಪ್ಪ," ಎಂದ ಚಿಕ್ಕಬೀರಯ್ಯ. "ಹೆಸ್ರು ಹೇಳಿ ಹಾಕ್ಬೇಕು. ಇಂಥೋನು ಹಾಕ್ತಾ ಇದೀನಿ ಅಂತ. ಅವಳಿಗೆ ಗುರುತು ಸಿಕ್ಬೇಕಲ್ಲ. ಏನ್ ನಿನ್ ಹೆಸ್ರು?"

ಮಹಾದೇವಯ್ಯ ಬೂಟು ಬಿಚ್ಚಿ ಬಗ್ಗಿದ. ಮಣ್ಣು ಬಿಸಿಯಾಗಿತ್ತು. ಹಿಡಿಯಷ್ಟು ತೆಗೆದುಕೊಂಡು ಗುಂಡಿಯ ಅಂಚಿಗೆ ಬಂದ. ಹೊಂಬಾಳಮ್ಮ ತಲೆ ಎತ್ತಿ ಅವನ ಬಾಯನ್ನೇ ನೋಡುತ್ತಿದ್ದಳು.

"ತೌಡ," ಎಂದ, ಹಲ್ಲು ಕಚ್ಚಿಕೊಂಡು, ಜಗಳಕ್ಕೆ ನಿಂತವನ ಹಾಗೆ. ಸಾಲದೆನ್ನಿಸಿ, ದೂರದಲ್ಲಿ ನಡೆದುಹೋಗುತ್ತಿದ್ದ ಆ ಬೆನ್ನಿಗೂ ಕೇಳುವಂತೆ ಇನ್ನೊಂದು ಸಲ ಕೂಗಿದ. "ತೌಡ ಹಾಕ್ತಾ ಇದೀನಿ ಕಣವ್ವಾ."

ಕೈ ಬಿಚ್ಚಿದ.